510510: ಒಂದು ಸಂಖ್ಯೆಯನ್ನು ಬಿಡಿಸಿ ನೋಡಿದ್ದು

ದೊಡ್ಡ ಸಂಖ್ಯೆ ಯಾವುದೇ ಇರಲಿ, ನಾನು ಮೊದಲು ಮಾಡುವುದು ಅಪವರ್ತನ. 510510ಕ್ಕೆ ಕ್ಯಾಲ್ಕುಲೇಟರ್ ಕೂಡ ಬೇಕಾಗಲಿಲ್ಲ. ಮೂರಂಕಿಯ ಸಂಖ್ಯೆಯನ್ನು ಎರಡು ಸಲ ಪಕ್ಕಪಕ್ಕ ಬರೆದರೆ ಅದನ್ನು 1001ರಿಂದ ಗುಣಿಸಿದಂತೆಯೇ. 1001 ಅಂದರೆ 7 × 11 × 13. ಉಳಿದ 510 ಬಿಡಿಸಿದರೆ 2 × 3 × 5 × 17. ಎಲ್ಲವನ್ನೂ ಸಾಲಾಗಿ ಇಟ್ಟಾಗ ಮೊದಲ ಏಳು ಅವಿಭಾಜ್ಯಗಳೂ ಬಂದಿದ್ದವು, ಒಂದೊಂದೇ ಸಲ. ಇಂಥದ್ದಕ್ಕೆ ಪ್ರೈಮೋರಿಯಲ್ ಎನ್ನುತ್ತಾರೆ.

ಇಷ್ಟಾದ ಮೇಲೆ ವರ್ಗೀಕರಣದ ಬಹುಪಾಲು ತಾನಾಗಿಯೇ ಉದುರುತ್ತದೆ. ಪ್ರತಿ ಅವಿಭಾಜ್ಯವನ್ನೂ ತೆಗೆದುಕೊಳ್ಳಬಹುದು ಅಥವಾ ಬಿಡಬಹುದು. ಹಾಗಾಗಿ ಭಾಜಕಗಳು 128. ಅವುಗಳ ಮೊತ್ತ 3 × 4 × 6 × 8 × 12 × 14 × 18, ಅಂದರೆ 1741824. ತನ್ನನ್ನು ಕಳೆದರೂ ಉಳಿಯುವುದು ತನ್ನ ಎರಡು ಪಟ್ಟಿಗಿಂತ ಹೆಚ್ಚು. ಈ ಉಳಿಕೆ ಸಂಖ್ಯೆಗಿಂತ ಹೆಚ್ಚಿದ್ದರೆ ಅದು ಸಮೃದ್ಧ ಸಂಖ್ಯೆ; ಇದು ಧಾರಾಳವಾಗಿ ಸಮೃದ್ಧ. ಅಂಕಿಗಳ ಮೊತ್ತ 12, ಆದರೆ 2 ಒಂದೇ ಸಲ ಇರುವುದರಿಂದ 12ರಿಂದ ಭಾಗವಾಗದು. ಹಾಗಾಗಿ ತಮ್ಮ ಅಂಕಿಗಳ ಮೊತ್ತದಿಂದಲೇ ಭಾಗವಾಗುವ, ಗಣಿತಜ್ಞ ಕಪ್ರೇಕರ್ ಹೇಳಿದ ಹರ್ಷದ್ ಸಂಖ್ಯೆಗಳ ಗುಂಪಿಗೆ ಸೇರುವುದಿಲ್ಲ.

ಇಷ್ಟೊಂದು ಭಾಜಕಗಳಿದ್ದರೆ ರಾಮಾನುಜನ್ 1915ರಲ್ಲಿ ಅಧ್ಯಯನ ಮಾಡಿದ 'ಅತಿ ಸಂಯುಕ್ತ' ಸಂಖ್ಯೆಗಳಲ್ಲಿ (ತಮಗಿಂತ ಚಿಕ್ಕ ಎಲ್ಲ ಸಂಖ್ಯೆಗಳಿಗಿಂತ ಹೆಚ್ಚು ಭಾಜಕಗಳಿರುವಂಥವು) ಇದೂ ಒಂದಿರಬೇಕು ಅನ್ನಿಸುತ್ತದೆ. ಅಲ್ಲ. 83160ಕ್ಕೂ 128 ಭಾಜಕಗಳಿವೆ, 498960ಕ್ಕಂತೂ 200. ಭಾಜಕ ಹೆಚ್ಚಬೇಕಾದರೆ 17ನ್ನು ತರುವುದಕ್ಕಿಂತ ಇನ್ನಷ್ಟು 2, 3 ಸೇರಿಸುವುದು ಅಗ್ಗ. ಪ್ರೈಮೋರಿಯಲ್‌ನ ದಾಖಲೆಯೇ ಬೇರೆ: 1ರಿಂದ 510510ರವರೆಗೆ ಇದರೊಡನೆ ಸಾಮಾನ್ಯ ಅಪವರ್ತನವೇ ಇಲ್ಲದ ಸಂಖ್ಯೆಗಳು 92160 ಮಾತ್ರ, ಸುಮಾರು ನೂರಕ್ಕೆ ಹದಿನೆಂಟು. ಇದಕ್ಕಿಂತ ಚಿಕ್ಕ ಯಾವ ಸಂಖ್ಯೆಗೂ ಈ ಪಾಲು ಇಷ್ಟು ಕಡಿಮೆಯಿಲ್ಲ.

ನನಗೆ ನಿಜವಾದ ರುಚಿ ಸಿಕ್ಕಿದ್ದು ವರ್ಗಮೂಲ ತೆಗೆದಾಗ. 714.4998 ಬಂತು. ಅರ್ಧಕ್ಕೆ ಕೂದಲೆಳೆಯಷ್ಟು ಕಡಿಮೆ ಬಂದರೆ ನಾನು ಅಲ್ಲೇ ನಿಲ್ಲುತ್ತೇನೆ, ಏಕೆಂದರೆ ಪಕ್ಕಪಕ್ಕದ ಎರಡು ಸಂಖ್ಯೆಗಳ ಗುಣಲಬ್ಧ ಕೊಡುವ ಸುಳಿವು ಅದು. ನಾಲ್ಕು ಪಟ್ಟು ಮಾಡಿ ಒಂದು ಕೂಡಿಸಿದೆ: 2042041, ಸರಿಯಾಗಿ 1429ರ ವರ್ಗ. ಅಂದರೆ 510510 = 714 × 715. ಅಪವರ್ತನದ ಪಟ್ಟಿ ಇದನ್ನು ಬಚ್ಚಿಟ್ಟಿತ್ತು; 2, 3, 7, 17 ಒಂದು ಕಡೆ, 5, 11, 13 ಇನ್ನೊಂದು ಕಡೆ ಹಾಕಬೇಕೆಂದು ಅದು ಹೇಳುವುದಿಲ್ಲ. ಎರಡೂ ಗುಂಪುಗಳನ್ನು ಕೂಡಿಸಿ ನೋಡಿ: 29, 29! ಇಂಥ ಜೋಡಿಗಳಿಗೆ ರೂತ್–ಆರನ್ ಎಂದು ಹೆಸರು. ಬೇಸ್‌ಬಾಲ್‌ನಲ್ಲಿ ಬೇಬ್ ರೂತ್‌ನ 714 ಹೋಮ್ ರನ್‌ಗಳನ್ನು ಹ್ಯಾಂಕ್ ಆರನ್ 1974ರಲ್ಲಿ ದಾಟಿದ ಸಂದರ್ಭದಲ್ಲಿ ಗಣಿತಜ್ಞ ಕಾರ್ಲ್ ಪೊಮರನ್ಸ್ ಮತ್ತು ಸಂಗಡಿಗರು ಇದರ ಬಗ್ಗೆ ಬರೆದರು.

ಬೇರೆ ರೀತಿ ಗುಂಪು ಮಾಡಿದರೆ 13 × 21 × 34 × 55, ಸಾಲಾಗಿ ನಾಲ್ಕು ಫಿಬೊನಾಚಿ ಸಂಖ್ಯೆಗಳು (ಹಿಂದಿನ ಎರಡನ್ನು ಕೂಡಿಸಿದರೆ ಮುಂದಿನದು ಬರುವ ಸರಣಿ). ಇದರ ಹಿಂದೆ ಆಳವಾದ ಕಾರಣವೇನೂ ನನಗೆ ಕಾಣಲಿಲ್ಲ, ಖುಷಿಗೆ ಬರೆದಿಟ್ಟುಕೊಂಡೆ.

ಇನ್ನು ಪಕ್ಕದ ಮನೆ, 510511. ಮೊದಲ ಏಳು ಅವಿಭಾಜ್ಯಗಳಲ್ಲಿ ಯಾವುದರಿಂದ ಭಾಗಿಸಿದರೂ ಶೇಷ 1, ಆದ್ದರಿಂದ ಹುಡುಕಾಟ 19ರಿಂದಲೇ ಶುರು. ಮೊದಲ ಏಟಿಗೇ ಬಿತ್ತು: 19 × 97 × 277. ಅವಿಭಾಜ್ಯಗಳಿಗೆ ಕೊನೆಯಿಲ್ಲ ಎಂದು ತೋರಿಸುವ ಯೂಕ್ಲಿಡ್‌ನ ವಾದದಲ್ಲಿ 'ಅವಿಭಾಜ್ಯಗಳನ್ನು ಗುಣಿಸಿ ಒಂದು ಕೂಡಿಸಿದರೆ ಅವಿಭಾಜ್ಯವೇ ಬರುತ್ತದೆ' ಎಂದು ತಿಳಿದವರಿಗೆ ನಾನು ತೋರಿಸುವ ಉದಾಹರಣೆ ಇದೇ. ಮುಂದಿನ ಪ್ರೈಮೋರಿಯಲ್ 9699690ಕ್ಕೂ ಅದೇ ವರ್ಗಮೂಲದ ಪರೀಕ್ಷೆ ಹಾಕಿದೆ. 3114.43 ಬಂತು, ಬಿಟ್ಟೆ.