ಖಳನಾಯಕನ ಬಾಲ್ಯ ಬರೆಯುವಾಗ: ನನ್ನ ಅನುಭವ

ಖಳನಾಯಕನಿಗೆ ಒಂದು ಬಾಲ್ಯ ಕೊಡಬೇಕು ಅಂದ ಕೂಡಲೇ ಎಲ್ಲರಿಗೂ ಹೊಳೆಯುವುದು ಒಂದೇ ದಾರಿ. ಅಪ್ಪ ಸತ್ತ, ಚಿಕ್ಕಮ್ಮ ಹೊಡೆದಳು, ಊರಿನವರು ಅವಮಾನ ಮಾಡಿದರು, ಅದಕ್ಕೇ ಹೀಗಾದ. ನಾನು ಅದನ್ನು ಮೊದಲ ದಿನವೇ ಬೇಡ ಅಂದೆ. ನಾನಿರುವುದು ಕಲಬುರಗಿಯಲ್ಲಿ. ನಮ್ಮ ಕಡೆ ಎಷ್ಟೋ ಮನೆಗಳವರು ಮುಂಬೈ, ಪುಣೆ, ಬೆಂಗಳೂರಿಗೆ ದುಡಿಯಲು ಗುಳೆ ಹೋಗುತ್ತಾರೆ, ಮಕ್ಕಳು ಅಜ್ಜಿಯ ಹತ್ತಿರ ಬೆಳೆಯುತ್ತವೆ. ಆ ಮಕ್ಕಳು ದೊಡ್ಡವರಾಗಿ ಯಾರ ಬಾಯಿಂದಲೂ ನೀರು ಕಸಿದುಕೊಂಡಿಲ್ಲ. ಬಡತನವೇ ಒಬ್ಬನನ್ನು ರಾಕ್ಷಸ ಮಾಡಿತು ಅಂತ ಬರೆದರೆ ಅವರೆಲ್ಲರಿಗೂ ಅನ್ಯಾಯ ಮಾಡಿದ ಹಾಗೆ, ಅಲ್ವಾ?

ನನ್ನ ಮೊದಲ ಕಾದಂಬರಿ ಹದಿಹರೆಯದವರಿಗೆ ಬರೆದದ್ದು. ಮುಂದೊಂದು ಕಾಲ. ಭೀಮಾ ಬತ್ತಿದೆ, ಬೋರುಗಳಲ್ಲಿ ಬರೀ ಗಾಳಿ. ಕಲಬುರಗಿಯಿಂದ ಬೀದರ್‌ವರೆಗೆ ಕುಡಿಯುವ ನೀರೆಲ್ಲ ಒಬ್ಬ ಸಾಹೇಬನ ಕೈಯಲ್ಲಿದೆ. ಮಧ್ಯಾಹ್ನ ಮನೆಯಿಂದ ಹೊರಗೆ ಕಾಲಿಟ್ಟರೆ ನೀರಿನ ಚೀಟಿ ರದ್ದು. ಅವನ ವಿರುದ್ಧ ನಿಲ್ಲುವ ಹುಡುಗಿಯೇ ನಾಯಕಿ. ಆದರೆ ಓದಿದ ಮಕ್ಕಳು ಕೇಳಿದ್ದೆಲ್ಲ ಸಾಹೇಬನ ಬಗ್ಗೆಯೇ. "ಸರ್, ಅವ ಸಣ್ಣಾವ ಇದ್ದಾಗ ಹ್ಯಾಂಗಿದ್ದ?" ಆ ಪ್ರಶ್ನೆಗೆ ಉತ್ತರವಾಗಿ ಹಿಂದಿನ ಕಥೆ ಬರೆಯಲು ಕೂತೆ.

ಮೊದಲು ಮಾಡಿದ ಕೆಲಸ ಇದು. ಹಳೆಯ ಕಾದಂಬರಿಯನ್ನು ಮತ್ತೆ ಓದಿ, ಸಾಹೇಬನ ಬಗ್ಗೆ ಬಂದ ಪ್ರತಿಯೊಂದು ಮಾತನ್ನೂ ಒಂದು ಹಾಳೆಗೆ ಇಳಿಸಿದೆ. ಆ ಮಾತನ್ನು ಯಾರು ಹೇಳಿದರು ಅಂತ ಪಕ್ಕದಲ್ಲಿ ಬರೆದೆ. ಇದರಿಂದ ದೊಡ್ಡ ಉಪಕಾರ ಆಯಿತು, ಯಾಕೆಂದರೆ ಜಾಸ್ತಿ ಮಾತು ಅವನ ಶತ್ರುಗಳು ಆಡಿದ್ದೇ ಆಗಿತ್ತು. "ನೀರಿಗಾಗಿ ಸ್ವಂತ ತಮ್ಮನನ್ನೇ ಕೊಂದ" ಅನ್ನುವುದೂ ಅಂಥದ್ದೇ ಒಂದು ಮಾತು. ಅದು ನಿಜ ಆಗಲೇಬೇಕು ಅಂತೇನಿಲ್ಲ. ಈಗಿನ ಕಥೆಯಲ್ಲಿ ತಮ್ಮ ಜ್ವರದಿಂದ ಸಾಯುತ್ತಾನೆ. ಕೊಂದ ಅಂತ ಊರಲ್ಲಿ ಸುದ್ದಿ ಹಬ್ಬುತ್ತದೆ. ಜನ ಹೆದರಿ ದಾರಿ ಬಿಡುವುದನ್ನು ಹುಡುಗ ನೋಡುತ್ತಾನೆ, ಸುದ್ದಿಯನ್ನು ಸುಳ್ಳು ಅನ್ನುವುದಿಲ್ಲ. ಸುಮ್ನೆ ಇರುತ್ತಾನೆ. ಕೊಲೆಗಿಂತ ಈ ಸುಮ್ಮನಿರುವುದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ಇನ್ನು ಮಧ್ಯಾಹ್ನದ ಕಾನೂನು ಎಲ್ಲಿಂದ ಬಂತು? ಇದಕ್ಕೆ ದೂರ ಹೋಗಬೇಕಾಗಲಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಅಷ್ಟೇ. ಬಿಸಿಲಿನಿಂದ ಜನರನ್ನು ಕಾಪಾಡಲು ಮಾಡಿದ ಒಳ್ಳೆಯ ಪದ್ಧತಿ ಅದು. ಕಥೆಯಲ್ಲಿ ಅದನ್ನೇ ಹಿಗ್ಗಿಸಿದೆ. ಮೊದಲು ಬೇಸಿಗೆಗೆ ಮಾತ್ರ, ಆಮೇಲೆ ವರ್ಷಪೂರ್ತಿ. ಮೊದಲು ಕಚೇರಿಗೆ, ಆಮೇಲೆ ಬೀದಿಗೆ. ಮೊದಲು ಸಲಹೆ, ಆಮೇಲೆ ದಂಡ. ಒಂದೊಂದು ಹೆಜ್ಜೆಗೂ ಯಾರೋ ಒಬ್ಬರು "ಛಲೋ ಮಾಡಿದ್ರಿ" ಅನ್ನುತ್ತಾರೆ. ಓದುವ ಹುಡುಗ, ಹುಡುಗಿ ಕೂಡ ಮೊದಲ ಒಂದೆರಡು ಹೆಜ್ಜೆಗೆ ಹೌದು ಅನ್ನಲೇಬೇಕು. ಅನ್ನದಿದ್ದರೆ ಆ ಅಧ್ಯಾಯ ಕೆಲಸ ಮಾಡಿಲ್ಲ ಅಂತಲೇ ಅರ್ಥ.

ಕಥೆಯ ಬೇರು ಇರುವುದು ನಳದ ಹತ್ತಿರ. ಸಾಹೇಬ ಆಗ ಹದಿನಾರರ ಬಸವರಾಜ. ಓಣಿಗೆ ಒಂದೇ ನಳ, ದಿನಾ ಜಗಳ, ಕೊಡ ಎತ್ತಿ ಹೊಡೆದಾಡುವ ಮಟ್ಟಕ್ಕೆ ಹೋಗುತ್ತದೆ. ಇವನು ಹಳೆಯ ನೋಟ್‌ಬುಕ್ ತಂದು ಪಾಳಿ ಬರೆಯಲು ಶುರು ಮಾಡುತ್ತಾನೆ. ಬಸುರಿಯರಿಗೆ ಮೊದಲು, ಮುದುಕರಿಗೆ ಆಮೇಲೆ, ಜಗಳ ತೆಗೆದವರಿಗೆ ಕಡೆಗೆ. ಜಗಳ ನಿಂತೇ ಹೋಗುತ್ತದೆ. ಎಲ್ಲರೂ ಹೊಗಳುತ್ತಾರೆ. ಹೊಗಳಬೇಕಾದ ಕೆಲಸವೇ. ಒಂದು ದಿನ ಎದುರು ಮನೆಯ ಶಾಂತಕ್ಕ ತಡವಾಗಿ ಬರುತ್ತಾಳೆ. ತಾಯಿ ಇಲ್ಲದಾಗ ಇವನಿಗೆ ರೊಟ್ಟಿ ಹಾಕಿದವಳು.

"ಏ ಬಸ್ಯಾ, ನಂದೊಂದು ಕೊಡ ಮುಂದ ಇಡೋ."

"ಪುಸ್ತಕದಾಗ ಹೆಸರಿಲ್ಲಕ್ಕಾ. ನಾ ಏನ್ ಮಾಡ್ಲಿ?"

ಅವಳು ಖಾಲಿ ಕೊಡ ಹೊತ್ತು ವಾಪಸ್ ಹೋಗುತ್ತಾಳೆ. ಮರುದಿನ ಬೆಳಕು ಹರಿಯುವ ಮೊದಲೇ ಬಂದು ನಿಂತಿರುತ್ತಾಳೆ. "ಬಸಣ್ಣಾ, ನಂದೂ ಹೆಸರು ಬರ್ಕೋರಿ" ಅನ್ನುತ್ತಾಳೆ. ಅವನು ತಲೆ ಎತ್ತದೆ ಬರೆಯುತ್ತಾನೆ. ಅಲ್ಲಿ ನಾನು ಅವನ ಮನಸ್ಸಿನಲ್ಲಿ ಏನಿತ್ತು ಅಂತ ಒಂದು ಸಾಲೂ ಬರೆದಿಲ್ಲ. ಬರೆದಿದ್ದರೆ ಓದುವವರ ಕೆಲಸವನ್ನು ನಾನೇ ಮಾಡಿದಂತೆ ಆಗುತ್ತಿತ್ತು.

ಕಥೆ ಹೇಳುವುದು ಯಾರು ಅನ್ನುವುದರ ಮೇಲೆ ಬಹಳ ತಲೆ ಕೆಡಿಸಿಕೊಂಡೆ. ಅಮೆರಿಕದ ಕಾದಂಬರಿಕಾರ್ತಿ ಸುಝಾನ್ ಕಾಲಿನ್ಸ್ ಇದನ್ನೇ ಹೇಗೆ ಮಾಡಿದ್ದಾರೆ ಅಂತ ನೋಡಿದೆ. ಅವರ 'ಹಂಗರ್ ಗೇಮ್ಸ್' ಸರಣಿಯ ಮೊದಲ ಮೂರೂ ಪುಸ್ತಕಗಳನ್ನು ನಾಯಕಿ ಕ್ಯಾಟ್ನಿಸ್ 'ನಾನು' ಅಂತಲೇ ಹೇಳುತ್ತಾಳೆ. ಆದರೆ 2020ರಲ್ಲಿ ಬಂದ ಹಿಂದಿನ ಕಥೆಯಲ್ಲಿ, ಮುಂದೆ ಅಧ್ಯಕ್ಷನಾಗುವ ಖಳನಾಯಕ ಸ್ನೋ 18ರ ಹುಡುಗ, ಮತ್ತು ಅವನ ಕಥೆ ಬರುವುದು 'ಅವನು' ಅಂತ. ನನಗೂ ಅದೇ ಸರಿ ಅನಿಸಿತು. 'ನಾನು' ಅಂದರೆ ಹುಡುಗ ತನ್ನ ಪರವಾಗಿ ವಕಾಲತ್ತು ಮಾಡಲು ಶುರು ಮಾಡುತ್ತಾನೆ. ಹದಿನಾಲ್ಕು, ಹದಿನೈದರ ಮಕ್ಕಳು ಒಳ್ಳೆಯ ಮಾತುಗಾರನನ್ನು ಬೇಗ ನಂಬುತ್ತಾರೆ. ಹಾಗಾಗಿ ಅವನ ಹೆಗಲ ಹಿಂದೆಯೇ ನಿಂತೆ. ಅವನು ನೋಡಿದ್ದನ್ನು ಮಾತ್ರ ತೋರಿಸಿದೆ, ಆದರೆ ಅವನ ಸಮರ್ಥನೆಗೆ ಧ್ವನಿ ಕೊಡಲಿಲ್ಲ.

ಕಥೆಯ ಎರಡನೇ ಅರ್ಧ ಬೀದರ್‌ನಲ್ಲಿ ನಡೆಯುತ್ತದೆ, ನೌಬಾದ್ ಹತ್ತಿರದ ಕರೇಜ್ ಸುತ್ತ. ಬಹಮನಿಯವರ ಕಾಲದಲ್ಲಿ, 15ನೇ ಶತಮಾನದಲ್ಲಿ, ಇರಾನಿನ ವಿದ್ಯೆಯಿಂದ ನೆಲದೊಳಗೆ ಕಡೆದ ಕಾಲುವೆ ಅದು. ಬೀದರ್ ಇರುವುದು ಜಂಬಿಟ್ಟಿಗೆ ಕಲ್ಲಿನ ಮೇಲೆ. ಮಳೆ ನೀರು ಅದರೊಳಗೆ ಇಳಿದು ಕೆಳಗಿನ ಗಟ್ಟಿ ಕರಿಕಲ್ಲಿಗೆ ಬಂದು ನಿಲ್ಲುತ್ತದೆ. ಆ ನೀರನ್ನು ಹಿಡಿದು, ಪಂಪ್ ಇಲ್ಲ ಏನಿಲ್ಲ, ಬರೀ ಇಳಿಜಾರಿನಲ್ಲಿ ಹರಿಸಿದ್ದಾರೆ. ಮೇಲೆ ಅಲ್ಲಲ್ಲಿ ಬಾವಿಯಂಥ ಗಂಡಿಗಳು, ಗಾಳಿಗೆ, ಬೆಳಕಿಗೆ, ಹೂಳು ತೆಗೆಯಲು. ಅಲ್ಲಿ ನಿಂತು ಕೆಳಗೆ ಬಗ್ಗಿ ನೋಡಿದಾಗಲೇ ನನಗೆ ಸಾಹೇಬನ ಅಧಿಕಾರದ ಗುಟ್ಟು ಹೊಳೆಯಿತು. ಗಂಡಿಗಳು ತೆರೆದಿರುವವರೆಗೆ ಕಾಲುವೆ ಊರಿನದು. ಮುಚ್ಚಿ ಒಂದನ್ನೇ ಬಿಟ್ಟರೆ ಅದು ಒಬ್ಬನದು. ಬಸವರಾಜ ಗಂಡಿ ಮುಚ್ಚಿಸುವುದಕ್ಕೂ ಒಳ್ಳೆಯ ಕಾರಣವೇ ಇದೆ, ಒಂದು ಮಗು ಒಳಗೆ ಬಿದ್ದಿರುತ್ತದೆ.

ಕಥೆಯನ್ನು ಮೊದಲ ಕಾದಂಬರಿಯ ಬಾಗಿಲವರೆಗೆ ಎಳೆದು ತರಲಿಲ್ಲ. ಕಡೆಯ ಗಂಡಿಗೆ ಬೀಗ ಬೀಳುವಲ್ಲಿಗೆ ಮುಗಿಸಿದೆ. ಆಗ ಅವನಿಗೆ ಇಪ್ಪತ್ತೂ ತುಂಬಿಲ್ಲ. ಮುಂದೇನಾಯಿತು ಅಂತ ಓದುವವರಿಗೆ ಗೊತ್ತೇ ಇದೆ.

ಹಸ್ತಪ್ರತಿ ಓದಿದ ಹತ್ತನೇ ಕ್ಲಾಸಿನ ಮಕ್ಕಳು, ಅವನು ಕೆಟ್ಟದ್ದು ಎಲ್ಲಿಂದ ಅಂತ ಜೋರಾಗಿ ವಾದ ಮಾಡಿದರು. ಒಬ್ಬ ಗಂಡಿ ಮುಚ್ಚಿದಾಗ ಅಂದ, ಇನ್ನೊಬ್ಬ ತಮ್ಮನ ಸುದ್ದಿಗೆ ಸುಮ್ಮನಿದ್ದಾಗ ಅಂದ. ಒಂದು ಹುಡುಗಿ ಮಾತ್ರ ಅದನ್ನೆಲ್ಲ ಬಿಟ್ಟು, "ಸರ್, ಆ ರಾತ್ರಿ ಶಾಂತಕ್ಕನ ಮನ್ಯಾಗ ಏನ್ ಕುಡದ್ರು?" ಅಂತ ಕೇಳಿದಳು. ಪುಸ್ತಕದಲ್ಲಿ ಅದಿಲ್ಲ. ಬಸವರಾಜ ನೋಡಿದ್ದಷ್ಟೇ ತೋರಿಸುತ್ತೇನೆ ಅಂದಿದ್ದೆನಲ್ಲ, ಅವನು ಆ ಮನೆಯ ಕಡೆ ನೋಡಿಯೇ ಇಲ್ಲ. ಈ ಒಂದು ಕಡೆ ನಾನು ಹಾಕಿಕೊಂಡ ಕಟ್ಟು ಮುರಿದು, ಶಾಂತಕ್ಕನ ಮನೆಯ ಆ ರಾತ್ರಿಯನ್ನು ಬೇರೆ ಅಧ್ಯಾಯವಾಗಿ ಈಗ ಬರೆಯುತ್ತಿದ್ದೇನೆ.