ಕಾರ್ಪೊರೇಟ್ ರಿಯಾಯಿತಿಯ ಐದು ಸಾವಿರ ಮತ್ತು ಉಳಿದ ಲೆಕ್ಕ

ನಾನು ಪುಣೆಯ ಹತ್ತಿರದ ಚಾಕಣದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವವನು; ಮನೆ ನಿಗಡಿಯಲ್ಲಿ. 2025ರ ನವೆಂಬರಿನಲ್ಲಿ, ದೀಪಾವಳಿಯ ನೂಕುನುಗ್ಗಲು ಇಳಿದ ಮೇಲೆ, ನಾಲ್ಕು ಮೀಟರಿಗಿಂತ ಚಿಕ್ಕದಾದ, 1200 ಸಿಸಿ ಮೀರದ ಎಂಜಿನ್ನಿನ ಪೆಟ್ರೋಲ್ ಕಾರೊಂದನ್ನು ಕೊಂಡೆ. ಸೆಪ್ಟೆಂಬರ್ 22ರಿಂದ ಇಂಥ ಕಾರುಗಳ ಮೇಲಿನ ತೆರಿಗೆ, ಶೇ. 28ರ ಜಿಎಸ್‌ಟಿ ಮತ್ತು ಶೇ. 1ರ ಸೆಸ್ ಹೋಗಿ, ಶೇ. 18ಕ್ಕೆ ಇಳಿದಿತ್ತು. ಆ ಇಳಿಕೆ ಎಲ್ಲರಿಗೂ ಸಿಕ್ಕಿದ್ದು. ನಮ್ಮ ಕಂಪನಿಯ ನೌಕರರಿಗೆಂದು ಕಾರು ತಯಾರಕರು ಕೊಡುವ ಕಾರ್ಪೊರೇಟ್ ರಿಯಾಯಿತಿ ಬೇರೆ ಇದೆ ಎಂದು ಸಹೋದ್ಯೋಗಿಗಳು ಹೇಳಿದ್ದರಿಂದ ನಾನು ಅದನ್ನೇ ನೆಚ್ಚಿಕೊಂಡು ಶೋರೂಮಿಗೆ ಹೋದೆ.

ಮೊದಲ ತೊಡಕು ಹೆಸರಿನದು. ತಯಾರಕರ ಪಟ್ಟಿಯಲ್ಲಿದ್ದದ್ದು ನಮ್ಮ ಮಾತೃಸಂಸ್ಥೆಯ ಹೆಸರು. ನನ್ನ ಗುರುತಿನ ಚೀಟಿ ಮತ್ತು ಸಂಬಳದ ಚೀಟಿಯಲ್ಲಿ ಇದ್ದದ್ದು ಅಂಗಸಂಸ್ಥೆಯ ಹೆಸರು. ಎರಡೂ ಒಂದೇ ಎಂದು ಎಚ್‌ಆರ್ ವಿಭಾಗದಿಂದ ಲೆಟರ್‌ಹೆಡ್ಡಿನ ಮೇಲೆ ಪತ್ರ ತರುವುದರಲ್ಲಿ ನಾಲ್ಕು ದಿನ ಕಳೆಯಿತು. ಅಷ್ಟಕ್ಕೆ ಸಿಕ್ಕ ರಿಯಾಯಿತಿ 5,000 ರೂಪಾಯಿ. ಕಾರು ಮಡದಿಯ ಹೆಸರಿನಲ್ಲಿ ಇರಲಿ ಎಂದು ಮನೆಯಲ್ಲಿ ಮಾತಾಗಿತ್ತು, ಆದರೆ ಆ ಯೋಜನೆಯಲ್ಲಿ ನೋಂದಣಿ ನೌಕರನ ಹೆಸರಿನಲ್ಲೇ ಆಗಬೇಕಿತ್ತು. ಮುಂದೆ ವಿಮೆಯ ಲೆಕ್ಕ ಹಾಕುವಾಗಲೂ ನನ್ನ ಹೆಸರೇ ಬೇಕಾಯಿತು.

ಶೋರೂಮಿನ ಸೇಲ್ಸ್ ಹುಡುಗ ಅಕ್ಕಲಕೋಟೆಯ ಕಡೆಯವನು, ನನ್ನ ಮರಾಠಿ ಕೇಳಿದ ಕೂಡಲೇ ಕನ್ನಡಕ್ಕೆ ಹೊರಳಿದ. ಸಂತೋಷವಾಯಿತು. ಆದರೆ ಅವನು ಕೊಟ್ಟ ಕೋಟೇಷನ್ನಿನಲ್ಲಿ ಎಕ್ಸ್‌ಶೋರೂಮ್ ಬೆಲೆ (ವಾಹನ ತೆರಿಗೆ, ವಿಮೆ ಸೇರದ ಬೆಲೆ) 9,20,000, ಅದರ ಶೇ. 11ರಂತೆ ಮಹಾರಾಷ್ಟ್ರದ ವಾಹನ ತೆರಿಗೆ 1,01,200 ಎಂಬ ಎರಡು ಸಾಲುಗಳನ್ನು ಬಿಟ್ಟರೆ ಉಳಿದದ್ದೆಲ್ಲ ಜಗ್ಗಾಡಬಹುದಾದ ಸಾಲುಗಳೇ: ವಿಮೆ 46,800, ಹ್ಯಾಂಡ್ಲಿಂಗ್ ಚಾರ್ಜ್ 8,500, ಆ್ಯಕ್ಸೆಸರಿ ಕಿಟ್ 12,000. ರಿಯಾಯಿತಿ ಕೊಡುವುದು ತಯಾರಕರು. ಅದನ್ನು ಬೇರೆ ಸಾಲುಗಳಲ್ಲಿ ವಾಪಸು ಪಡೆಯುವುದು ವಿತರಕರು ಎಂಬುದು ಆ ಕಾಗದ ನೋಡಿದಾಗ ನನಗೆ ತಿಳಿಯಿತು. ಆದ್ದರಿಂದ ಎರಡು ಶೋರೂಮುಗಳ ರಿಯಾಯಿತಿಗಳನ್ನು ಹೋಲಿಸುವುದನ್ನು ಬಿಟ್ಟು, ಕೊನೆಯಲ್ಲಿ ನನ್ನ ಕೈಯಿಂದ ಹೋಗುವ ಒಟ್ಟು ಮೊತ್ತವನ್ನೇ ಹೋಲಿಸತೊಡಗಿದೆ.

ವಿಮೆಯ ಸಾಲಿನ ಮೇಲೆ ಹೆಚ್ಚು ಹೊತ್ತು ಕುಳಿತೆ. ಹೊಸ ಕಾರಿಗೆ ಮೂರು ವರ್ಷಗಳ ಥರ್ಡ್ ಪಾರ್ಟಿ ವಿಮೆಯನ್ನು (ನಮ್ಮ ಕಾರಿನಿಂದ ಬೇರೆಯವರಿಗಾಗುವ ಹಾನಿಯ ವಿಮೆ) ಒಟ್ಟಿಗೇ ತೆಗೆದುಕೊಳ್ಳಬೇಕೆಂಬ ನಿಯಮ 2018ರಿಂದ ಇದೆ. 1000ದಿಂದ 1500 ಸಿಸಿಯ ಕಾರುಗಳಿಗೆ ಅದರ ದರ ಆಗ 10,640 ರೂಪಾಯಿ ಎಂದು ಸರಕಾರವೇ ನಿಗದಿ ಮಾಡಿದ್ದರಿಂದ ಅಲ್ಲಿ ಚೌಕಾಸಿಗೆ ಎಡೆಯಿರಲಿಲ್ಲ. ವ್ಯತ್ಯಾಸವಿರುವುದು ಸ್ವಂತ ವಾಹನದ ಹಾನಿಗೆ ಕಟ್ಟುವ ಕಂತಿನಲ್ಲಿ. ನನ್ನ ಹಳೆಯ ಕಾರಿಗೆ ಐದು ವರ್ಷ ಒಂದೂ ಕ್ಲೇಮ್ ಮಾಡಿರಲಿಲ್ಲವಾದ್ದರಿಂದ ಶೇ. 50ರ ನೋ ಕ್ಲೇಮ್ ಬೋನಸ್, ಅಂದರೆ ಆ ಕಂತಿನಲ್ಲಿ ಸಿಗುವ ಕಡಿತ, ನನ್ನ ಹೆಸರಿನಲ್ಲಿ ಇತ್ತು, ಮತ್ತು ಈ ಬೋನಸ್ ಕಾರಿನದಲ್ಲ, ಮಾಲೀಕನದು. ಕಾರು ಮಾರಿದ ದಾಖಲೆ ತೋರಿಸಿದರೆ ಹಳೆಯ ವಿಮಾ ಕಂಪನಿ ಅದನ್ನು ಉಳಿಸಿಕೊಟ್ಟ ಪತ್ರ ಕೊಡುತ್ತದೆ. ಆ ಪತ್ರ ಮೂರು ವರ್ಷ ನಡೆಯುತ್ತದೆ. ಶೋರೂಮಿನವರು ಇದರ ಬಗ್ಗೆ ಚಕಾರವೆತ್ತಿರಲಿಲ್ಲ. ಪತ್ರ ಹಿಡಿದು ಹೊರಗೆ ವಿಚಾರಿಸಿದಾಗ ಅದೇ ಸೌಲಭ್ಯಗಳ ಪಾಲಿಸಿ 31,500ಕ್ಕೆ ಸಿಗುತ್ತದೆಂದು ಗೊತ್ತಾಯಿತು. ಉಳಿತಾಯ 15,300, ಅಂದರೆ ನಾನು ನಾಲ್ಕು ದಿನ ಅಲೆದು ಪಡೆದ ಕಾರ್ಪೊರೇಟ್ ರಿಯಾಯಿತಿಯ ಮೂರು ಪಟ್ಟು.

"ಸರ, ಇನ್ಶೂರೆನ್ಸ್ ಹೊರಗ ಮಾಡಿಸಿದ್ರ ಕಾರ್ಪೊರೇಟ್ ಡಿಸ್ಕೌಂಟ್ ಸಿಗೂದಿಲ್ರೀ" ಎಂದ ಹುಡುಗ. ಯಾವ ಕಂಪನಿಯ ವಿಮೆ ಎಂಬುದು ಮಾಲೀಕನ ಆಯ್ಕೆ. ರಿಯಾಯಿತಿಗೂ ಅದಕ್ಕೂ ನಂಟಿದೆ ಎಂದಾದರೆ ಅದನ್ನೇ ಇಮೇಲಿನಲ್ಲಿ ಬರೆದು ಕಳುಹಿಸಿ ಎಂದು ಅವನ ಮ್ಯಾನೇಜರನ್ನು ಕೇಳಿಕೊಂಡೆ. ಇಮೇಲ್ ಬರಲಿಲ್ಲ, ಮರುದಿನ ಫೋನ್ ಬಂದು, ಅವರೇ 31,500ಕ್ಕೆ ವಿಮೆ ಮಾಡಿಕೊಡಲು ಒಪ್ಪಿದರು. ಹ್ಯಾಂಡ್ಲಿಂಗ್ ಚಾರ್ಜ್ ಯಾವ ನಿಯಮದಡಿ ಎಂದು ಕೇಳಿದ್ದಕ್ಕೆ ಆ ಸಾಲೂ ಅಳಿಸಿಹೋಯಿತು. ಕಿಟ್ಟಿನಲ್ಲಿ ಮ್ಯಾಟು ಮತ್ತು ಮಡ್‌ಫ್ಲಾಪ್ ಮಾತ್ರ ಉಳಿಸಿಕೊಂಡೆ.

ಹಳೆಯ ಕಾರಿನದು ಇನ್ನೊಂದು ಕಥೆ. ಎಕ್ಸ್‌ಚೇಂಜಿಗೆ, ಅಂದರೆ ಹೊಸದರ ಬದಲಿಗೆ ಶೋರೂಮಿಗೇ, ಕೊಟ್ಟರೆ 20,000 ಬೋನಸ್ ಎಂದಿದ್ದರು, ಆದರೆ ಕಾರಿಗೆ ಅವರು ಕಟ್ಟಿದ ಬೆಲೆ 1,75,000. ನಮ್ಮ ಸೊಸೈಟಿಯ ನೆರೆಯವರೊಬ್ಬರು 2,05,000 ಕೊಡಲು ಸಿದ್ಧರಿದ್ದರು. ಹೊರಗೆ ಮಾರಿದರೂ ಆರ್‌ಸಿ (ನೋಂದಣಿ ಪತ್ರ) ವರ್ಗಾವಣೆಯಾದ ಪ್ರತಿ ತಂದುಕೊಟ್ಟರೆ ಬೋನಸ್ ಕೊಡುವ ಅವಕಾಶ ಯೋಜನೆಯಲ್ಲಿದೆಯೇ ಎಂದು ಕೇಳಿದೆ. ಇತ್ತು. ಕೇಳದಿದ್ದರೆ ಅವರಾಗಿ ಹೇಳುತ್ತಿರಲಿಲ್ಲ. ಮಾಲೀಕತ್ವ ವರ್ಗಾವಣೆಯ ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕಿ ನೆರೆಯವರಿಗೆ ಕಾರು ಒಪ್ಪಿಸಿದೆ. ನೋ ಕ್ಲೇಮ್ ಬೋನಸ್ಸಿನ ಪತ್ರ ಬೇಕಾದ್ದರಿಂದ ಹಳೆಯದನ್ನು ಮೊದಲೇ ಮಾರಬೇಕಾಗಿ, ಎರಡು ವಾರ ಮಡದಿಯೂ ನಾನೂ ಪುಣೆಯ ನಗರ ಸಾರಿಗೆಯ (ಪಿಎಂಪಿಎಂಎಲ್) ಬಸ್ಸಿನಲ್ಲಿ ಓಡಾಡಿದೆವು. ಈ ಖರ್ಚು ಯಾವ ಕೋಟೇಷನ್ನಿನಲ್ಲೂ ಕಾಣುವುದಿಲ್ಲ.

ರಿಯಾಯಿತಿಗಳು ತಿಂಗಳಿನಿಂದ ತಿಂಗಳಿಗೆ ಬದಲಾಗುತ್ತವೆ. ಬುಕಿಂಗ್ ದಿನದ ಯೋಜನೆಯಲ್ಲ, ಬಿಲ್ ಆಗುವ ದಿನದ ಯೋಜನೆ ಅನ್ವಯವಾಗುತ್ತದೆ ಎಂದು ಬುಕಿಂಗ್ ಫಾರ್ಮಿನ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿತ್ತು. ಆದ್ದರಿಂದ ನವೆಂಬರ್ ಮುಗಿಯುವುದರೊಳಗೆ ಬಿಲ್ ಮಾಡಿಸಿದೆ. ಅದಕ್ಕೂ ಮೊದಲು ಸ್ಟಾಕ್‌ಯಾರ್ಡಿಗೆ ಹೋಗಿ ಕಾರು ತಯಾರಾದ ತಿಂಗಳನ್ನೂ ಚಾಸಿ ನಂಬರನ್ನೂ ನೋಡಿಕೊಂಡು, ಅದೇ ನಂಬರ್ ಬಿಲ್ಲಿನಲ್ಲಿ ಬರಬೇಕೆಂದು ಹೇಳಿ ಬಂದಿದ್ದೆ. ನೆರೆಯವರ ಹೆಸರಿಗೆ ಆರ್‌ಸಿ ಆಗಲು ಸಮಯ ಹಿಡಿಯಿತು. ಎಕ್ಸ್‌ಚೇಂಜ್ ಬೋನಸ್ಸಿನ 20,000 ನನ್ನ ಖಾತೆಗೆ ಜಮಾ ಆದದ್ದು, ಹೊಸ ಕಾರಿಗೆ ಎಂಎಚ್ 14ರ ನಂಬರ್ ಪ್ಲೇಟ್ ಬಿದ್ದು ತಿಂಗಳು ಕಳೆದ ಮೇಲೆ, ಮೂರು ಸಲ ನೆನಪಿಸಿದ ನಂತರ.