ಮರೆವನ್ನು ಜತಿಗೆ ಇಳಿಸಿದ್ದು: ನನ್ನ ಅನುಭವ

"ಸೊಲ್ಲು ಬಿಟ್ಟರೆ ಜನ ಮರೆವು ಅಂದ್ಕೊಳ್ಳಲ್ಲ ಕಣೇ, ನೀನು ತಪ್ಪಿದೆ ಅಂದ್ಕೋತಾರೆ." ಭರತನಾಟ್ಯದಲ್ಲಿ ಮರೆವನ್ನೇ ತೋರಿಸುವ ಜತಿ (ಸೊಲ್ಲು ಅಂದರೆ ತಾಳದ ಉಚ್ಚಾರ, ಅದಕ್ಕೆ ಹೆಜ್ಜೆ ಹಾಕುವ ಭಾಗ) ಮಾಡ್ತೀನಿ ಅಂದಾಗ ನಮ್ಮ ಗುರುಗಳು ಮೊದಲೇ ಹೇಳಿದ್ದರು. ಮೊದಲ ಶೋನಲ್ಲಿ ಹಾಗೇ ಆಯಿತು. ಗ್ರೀನ್ ರೂಮಿಗೆ ಬಂದ ಒಬ್ಬ ಆಂಟಿ ನನ್ನ ಬೆನ್ನು ಸವರಿ, "ಬೇಜಾರಾಗ್ಬೇಡಮ್ಮ, ಎಲ್ರಿಗೂ ಆಗತ್ತೆ" ಅಂದರು. ಹಾಲ್ ಬಾಡಿಗೆ, ಲೈಟು, ರೆಕಾರ್ಡಿಂಗ್ ಎಲ್ಲ ಸೇರಿ ಎಪ್ಪತ್ತು ಸಾವಿರದ ಹತ್ತಿರ ಹೋಗಿತ್ತು. ಟಿಕೆಟ್ಟಿನಿಂದ ಬಂದಿದ್ದು ಆರೋ ಏಳೋ ಸಾವಿರ.

ನಾನು ಮಾಡಿದ್ದು ಇಷ್ಟೇ. ಎಂಟು ಎಣಿಕೆಯ ಆದಿತಾಳ, ಜತಿ ಮುಗಿಸುವ 'ತ ದಿ ಗಿ ಣ ತೊಂ' ತೀರ್ಮಾನ. ಪ್ರತಿ ಸುತ್ತಿಗೆ ಒಂದು ಸೊಲ್ಲು ಕಳೆದುಹೋಗಬೇಕು. ಮೊದಲು 'ಗಿ', ಆಮೇಲೆ 'ದಿ'. ಆದರೆ ಮಾತ್ರೆ, ಅಂದರೆ ಎಣಿಕೆ, ಐದೇ, ಜಾಗ ಖಾಲಿ ಇರಬೇಕು. ತಪ್ಪಿದ್ದು ಎಲ್ಲಿ ಅಂದರೆ, ನಾನು ಬಿಟ್ಟ ಕಡೆ ಮೃದಂಗದಲ್ಲೂ ಬಿಡಿಸಿದ್ದೆ. ಇಬ್ಬರೂ ಬಿಟ್ಟರೆ ಅದು ಸುಮ್ನೆ ಇನ್ನೊಂದು ಲೆಕ್ಕಾಚಾರ ಆಗತ್ತೆ, ಅಲ್ವಾ? ಈಗ ಮೃದಂಗ ಐದನ್ನೂ ನುಡಿಸುತ್ತೆ, ನನ್ನ ಕಾಲು ಮಾತ್ರ ಇರಲ್ಲ.

ಆದರೂ ಅರ್ಧ ಕೆಲಸ ಉಳಿದಿತ್ತು. ಅದನ್ನು ಹೇಳಿಕೊಟ್ಟಿದ್ದು ಅಜ್ಜಿ. ಬೆಳಗ್ಗೆಯಿಂದ ಹತ್ತು ಸಲ "ಕಾಫಿ ಆಯ್ತಾ?" ಅಂತ ಕೇಳುತ್ತಿದ್ದ ಅಜ್ಜಿ, ಒಂದು ಮಧ್ಯಾಹ್ನ ಸೀರೆ ಮಡಿಸುತ್ತಾ ಕೂತಿದ್ದರು. ಕೈ ಅಂಚಿನಿಂದ ಅಂಚಿಗೆ ಹೋಗುತ್ತಲೇ ಇತ್ತು, ಕಣ್ಣು ಮಾತ್ರ ಹಿಂದಿನ ಮಡಿಕೆಯಲ್ಲೇ ನಿಂತುಬಿಟ್ಟಿತ್ತು. ಕೈ ಹೋದಲ್ಲಿ ಕಣ್ಣು ಹೋಗಬೇಕು ಅಂತ ನಾವೆಲ್ಲ ಮೊದಲ ವರ್ಷವೇ ಉರು ಹೊಡೆದಿದ್ದೀವಿ. ನಾನು ಅದನ್ನೇ ಮುರಿದೆ. ಕಾಲು ನಿಲ್ಲತ್ತೆ, ಹಸ್ತ ಮುಂದೆ ಹೋಗತ್ತೆ, ಕಣ್ಣು ಹಿಂದೆ ಉಳಿಯತ್ತೆ. ಹೇಳೋಕೆ ಸುಲಭ, ಮೈಗೆ ಬರೋಕೆ ನಾಲ್ಕು ತಿಂಗಳು ಬೇಕಾಯಿತು. ಸೀರೆ ಮಡಿಸುವ ಭಾಗವನ್ನು ಕೂತೇ ಮಾಡುತ್ತೇನೆ. ಅದನ್ನು ನೋಡಿ "ಕಂಟೆಂಪರರಿ ಚೆನ್ನಾಗಿದೆ" ಅನ್ನುವವರಿಗೆ, ಹಿಂದಿನ ನರ್ತಕಿಯರಾದ ಜಟ್ಟಿ ತಾಯಮ್ಮ, ವೆಂಕಟಲಕ್ಷಮ್ಮ ಅವರ ಮೈಸೂರು ಬಾನಿಯಲ್ಲಿ (ನೃತ್ಯಶೈಲಿಯಲ್ಲಿ) ಕೂತು ಅಭಿನಯ ಮಾಡೋದು ಹಳೇ ಸಮಾಚಾರ ಅಂತ ಹೇಳಿ ಹೇಳಿ ಸಾಕಾಗಿದೆ.

ನಡುವೆ ಒಂದು ಹುಚ್ಚು. ಹೆಜ್ಜೆ ಗುರುತು ಮೂಡಲಿ, ಆಮೇಲೆ ಸೆರಗಿನಿಂದ ಒರೆಸೋಣ ಅಂತ ಸ್ಟೇಜ್ ಮೇಲೆ ರಾಗಿ ಹಿಟ್ಟು ಹರಡಿದೆ. ಲೈಟಿನಲ್ಲಿ ಏನು ಚಂದ! ಎರಡನೇ ತಟ್ಟು ಮೆಟ್ಟು ಹೆಜ್ಜೆಗೇ ಜಾರಿದೆ. ಗೆಜ್ಜೆಯೊಳಗೆಲ್ಲ ಹಿಟ್ಟು, ಹಾಲ್‌ನವರು ಕ್ಲೀನಿಂಗ್ ಅಂತ ಎರಡು ಸಾವಿರ ಕಿತ್ತುಕೊಂಡರು. ಒಂದೇ ಕಾಲಿಗೆ ಗೆಜ್ಜೆ ಕಟ್ಟಿದ ಪ್ರಯೋಗ ಮಾತ್ರ ಉಳಿಯಿತು, ಅದೂ ಕೊನೆಯ ಮೂರು ನಿಮಿಷಕ್ಕೆ.

ಮೂರನೇ ಶೋಗೆ ಗುರುಗಳು ಬಂದರು. ಯಾರೂ ಸಮಾಧಾನ ಹೇಳೋಕೆ ಗ್ರೀನ್ ರೂಮಿಗೆ ಬರಲಿಲ್ಲ, ಅದೇ ನನಗೆ ದೊಡ್ಡ ಬಹುಮಾನ. ಐದನೇ ಸುತ್ತಿನಲ್ಲಿ ಬರೀ 'ತೊಂ' ಉಳಿದಿರುತ್ತೆ. ಅಲ್ಲಿಂದ ಸಮಕ್ಕೆ (ತಾಳದ ಮೊದಲ ಎಣಿಕೆಗೆ) ಹೇಗೆ ಬರುತ್ತೀನಿ ಅನ್ನೋದು ಮೃದಂಗದವರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ, ಇಲ್ಲೂ ಬರೆಯಲ್ಲ. "ಆ ಜತಿ ಬರ್ಕೊಡೇ" ಅಂದರು ಗುರುಗಳು. ನಾಲ್ಕು ಸುತ್ತು ಬರೆದುಕೊಟ್ಟೆ.